ವನಗೂರಿನ ಪೆಟ್ಟಿಗೆಯೂ ವಾರಂಟಿ ಇಲ್ಲದ ಸಾಫ್ಟ್‌ವೇರೂ

ಸಕಲೇಶಪುರದಲ್ಲಿ ನನ್ನದು ಪಂಪು, ಪೈಪು, ಸ್ಪ್ರಿಂಕ್ಲರ್ ಮಾರುವ ಅಂಗಡಿ. ನಗು ಬರಿಸುವ ಸಾಮಾನು ಅಲ್ಲಿ ಒಂದೂ ಇಲ್ಲ. ಆದರೂ ಷಟರ್ ಎತ್ತಿ ಇಳಿಸುವುದರೊಳಗೆ ಯಾವುದಾದರೊಂದು ತಮಾಷೆ ತಾನಾಗಿ ಬಂದು ಕೌಂಟರಿಗೆ ಮೊಣಕೈ ಊರಿ ನಿಂತಿರುತ್ತದೆ. ಹೋಗು ಅಂದರೆ ಹೋಗುವುದಿಲ್ಲ, ಏನನ್ನೂ ಕೊಳ್ಳುವುದೂ ಇಲ್ಲ. ಹೋದ ಸಲ ಕಾಫಿ ಹೂವಿನ ಕಾಲದಲ್ಲಿ ಮಾತ್ರ ಒಂದರ ಬೆನ್ನಿಗೆ ಒಂದು ಸಾಲಾಗಿ ಬಂದವು. ಎಲ್ಲಕ್ಕೂ ಮೂಲ ಒಂದೇ ಪೆಟ್ಟಿಗೆ.

ತವರಿನಲ್ಲಿ ಗುಣವಂತೆ

ಅದು ಪಂಪಿನ ಆಟೋಮ್ಯಾಟಿಕ್ ಸ್ಟಾರ್ಟರ್. ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ತಾನೇ ಪಂಪನ್ನು ಎಬ್ಬಿಸುತ್ತದೆ, ಹೊತ್ತು ಮುಗಿದರೆ ತಾನೇ ನಿಲ್ಲಿಸುತ್ತದೆ. ಒಳಗೊಂದು ಅಂಗೈಯಗಲದ ಕಂಪ್ಯೂಟರ್ ಬೋರ್ಡು, ಅದಕ್ಕೊಂದು ಸಿಮ್ಮು. ಪಂಪ್ ಶುರುವಾದರೆ ಯಜಮಾನರ ಮೊಬೈಲಿಗೆ ಮೆಸೇಜು ಬೇರೆ. ಮಾರುವಾಗ ಮೆಸೇಜಿನ ವಿಷಯವನ್ನು ನಾನು ಸ್ವಲ್ಪ ಜೋರಾಗಿಯೇ ಹೇಳುತ್ತಿದ್ದೆ. ವ್ಯಾಪಾರದಲ್ಲಿ ಗಿರಾಕಿಗೆ ಬೇಡದ್ದನ್ನೇ ಮೊದಲು ತೋರಿಸಬೇಕು, ಬೇಕಾದ್ದು ಹೇಗೂ ಅವನೇ ಕೇಳುತ್ತಾನೆ.

ಮೊದಲ ಪೆಟ್ಟಿಗೆಯನ್ನು ವನಗೂರಿನ ಕಡೆ ಎಸ್ಟೇಟ್ ಇರುವ ಒಬ್ಬ ಗೌಡರಿಗೆ ಮಾರಿದೆ. ಹಳೇ ಸ್ಟಾರ್ಟರನ್ನು ಎಕ್ಸ್‌ಚೇಂಜ್ ಅಂತ ಬಿಚ್ಚಿಸಿಕೊಂಡು ಬಂದು ಬೇರೆಯವರಿಗೆ ದಾಟಿಸಿದೆ. ಹೊಂಗಡಹಳ್ಳದ ಕಡೆಯವರು "ಮೊದ್ಲು ಗೌಡ್ರ ಪಂಪ್ ಓಡ್ಲಿ, ಆಮೇಲೆ ನಾವೂ ಹಾಕ್ತೀವಿ" ಅಂದಿದ್ದರು. ಅವರನ್ನು ನಂಬಿ ತರಿಸಿದ ಪೆಟ್ಟಿಗೆಗಳು ನನ್ನ ಗೋಡೌನಿನಲ್ಲಿ ಸೂರು ಮುಟ್ಟಿದ್ದವು.

ರೊಬಸ್ಟಾ ಗಿಡದಲ್ಲಿ ಮೊಗ್ಗು ಬಲಿತ ಮೇಲೆ ಹೂಮಳೆ ಬೀಳಬೇಕು. ಮಳೆ ಬಾರದಿದ್ದರೆ ಸ್ಪ್ರಿಂಕ್ಲರಿನಲ್ಲಿ ನೀರು ಹೊಡೆಯಬೇಕು. ಆ ನೀರು ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ಮೊಗ್ಗು ಅಲ್ಲೇ ಒಣಗುತ್ತದೆ, ಮುಂದಿನ ಫಸಲು ಎಲೆಯಲ್ಲೇ ಮುಗಿಯುತ್ತದೆ. ಕರೆಂಟ್ ಯಾವ ಹೊತ್ತಿನಲ್ಲಿ ಬರುತ್ತದೋ ಗೊತ್ತಿಲ್ಲ, ಕೊಯ್ಲಿನ ಹೊತ್ತಿನಲ್ಲಿ ಪಂಪ್‌ಹೌಸ್ ಕಾಯಲು ಆಳೂ ಇಲ್ಲ. ಪೆಟ್ಟಿಗೆ ಬೇಕಾದದ್ದೇ ಆವಾಗ. ಅದು ಕೈಕೊಟ್ಟಿದ್ದೂ ಆವಾಗಲೇ.

ಗೌಡರು ಅದನ್ನು ಬಿಚ್ಚಿಸಿ ಜೀಪಿನಲ್ಲಿ ಹಾಕಿಕೊಂಡು ಬಂದರು. ಜೊತೆಗೆ ಅವರ ರೈಟರ್, ಅಂದರೆ ಎಸ್ಟೇಟಿನ ಹಾಜರಿಯಿಂದ ಹಿಡಿದು ಗೌಡರ ಸಿಟ್ಟಿನವರೆಗೆ ಎಲ್ಲವನ್ನೂ ನೋಡಿಕೊಳ್ಳುವವನು.

"ಹಸಿರು ಲೈಟ್ ಹತ್ತುತ್ತೆ, ಆರುತ್ತೆ, ಮತ್ತೆ ಹತ್ತುತ್ತೆ. ಪಂಪ್ ಮಾತ್ರ ಏಳಲ್ಲ ಮಾರಾಯ," ಅಂದರು ಗೌಡರು.

ಅಂಗಡಿಯ ಟೆಸ್ಟ್ ಮೋಟಾರಿಗೆ ಕೊಟ್ಟು ನೋಡಿದೆ. ಮೋಟಾರು ಸೊಗಸಾಗಿ ತಿರುಗಿತು. ಗೌಡರ ಜೇಬಿನಲ್ಲಿದ್ದ ಮೊಬೈಲಿಗೆ ಮೆಸೇಜೂ ಬಂತು. ಪೆಟ್ಟಿಗೆ ವಾಪಸ್ ಹೋಯಿತು. ಅಲ್ಲಿ ಮತ್ತೆ ಅದೇ ಕಥೆ. ಮತ್ತೆ ಜೀಪಿನಲ್ಲಿ ಬಂತು, ಇಲ್ಲಿ ಮತ್ತೆ ತಿರುಗಿತು.

ರೈಟರ್ ತಲೆ ಅಲ್ಲಾಡಿಸಿ ಹೇಳಿದ, "ನಮ್ಮ ದೊಡ್ಡಮ್ಮನ ಸೊಸೆ ಹಿಂಗೇ ಸಾವ್ಕಾರ್ರೇ. ತವರಿನಾಗೆ ಇದ್ದಾಗ ಮನೆಕೆಲ್ಸ ಎಲ್ಲಾ ಮಾಡ್ತಾಳೆ. ಗಂಡನ ಮನೆಗೆ ಬಂದ್ರೆ ಕಣ್ಣು ಪಿಳಿಪಿಳಿ ಬುಡ್ತಾ ಕೂತ್ಕತಾಳೆ."

ನಾನು ಅಳುಕುತ್ತಲೇ, "ಗೌಡ್ರೇ, ಪೆಟ್ಟಿಗೇಲಿ ತೊಂದರೆ ಕಾಣಲ್ಲ, ಇಲ್ಲಿ ಚೆನ್ನಾಗೇ ಓಡುತ್ತಲ್ಲ," ಅಂದೆ.

"ಓಡುತ್ತೆ. ಹಂಗಾದ್ರೆ ಹಿಂಗ್ ಮಾಡಾಣ," ಅಂದರು ಗೌಡರು, ಜೀಪ್ ಹತ್ತುತ್ತಾ. "ಪೆಟ್ಟಿಗೆ ಇಲ್ಲೇ ಇರ್ಲಿ. ನಾನೇ ತೋಟ ತಂದು ನಿನ್ನ ಅಂಗಡಿ ಮುಂದೆ ಇಳಿಸ್ತೀನಿ."

ಗೋಡೆಯ ಮೇಲಿನ ಬರಹ

ಪೆಟ್ಟಿಗೆ ಮಾಡಿದ ಕಂಪನಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಕಂಪನಿಯೇ ಮುಚ್ಚಿಹೋಗಿದೆ ಅಂತ ಆಮೇಲೆ ತಿಳಿಯಿತು.

ಆಗ ನೆನಪಾದವರು ಆಲೂರಿನ ಮೇಡಂ. ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಾರೆ. ಹಿಂದೊಮ್ಮೆ ಮನೆಯ ಮೋಟಾರ್ ತಂದವರು ನಾನು ಹೇಳಿದ ಕಾಯಿಲೆ ತಪ್ಪು ಅಂತ ನಾಲ್ಕು ಗಿರಾಕಿಗಳ ಎದುರಿಗೇ ಹೇಳಿ, ಸರಿ ಮಾಡಿಸಿಕೊಂಡು ಹೋಗಿದ್ದರು. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು, ನಂಬರ್ ತೆಗೆದಿಟ್ಟುಕೊಳ್ಳಬೇಕು.

ಮೇಡಂ ಬಂದು ಪೆಟ್ಟಿಗೆ ಬಿಚ್ಚಿದರು, ಬೋರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಅಂಕಲ್, ಇದರೊಳಗಿನ ಪ್ರೋಗ್ರಾಂ ಎಲ್ಲೋ ಸಿಕ್ಕಿಹಾಕಿಕೊಳ್ತಿದೆ. ಎಲ್ಲಿ ಅಂತ ನೋಡಬೇಕು ಅಂದ್ರೆ ಲ್ಯಾಪ್‌ಟಾಪನ್ನ ಈ ಬೋರ್ಡಿಗೆ ಜೋಡಿಸಿ ಒಳಗೆ ಇಣುಕಬೇಕು. ಅದಕ್ಕೆ ಸಾಫ್ಟ್‌ವೇರ್ ಇದೆ. ಓಪನ್ ಸೋರ್ಸ್."

"ಅಂದ್ರೆ?"

"ಯಾರೋ ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟಿದ್ದಾರೆ. ಯಾರು ಬೇಕಾದ್ರೂ ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಲೂಬಹುದು. ಈ ಪೆಟ್ಟಿಗೆಯವರೂ ಮುಚ್ಚೋವಾಗ ತಮ್ಮ ಪ್ರೋಗ್ರಾಮನ್ನ ಹಾಗೇ ಬಯಲಲ್ಲಿ ಬಿಟ್ಟು ಹೋಗಿದ್ದಾರೆ. ನಮ್ಮ ಪುಣ್ಯ."

ಪುಕ್ಕಟೆ ಅಂದ ಕೂಡಲೇ ನನ್ನ ಕೈ ತಾನಾಗಿ ಜೇಬು ಮುಟ್ಟಿ ನೋಡಿಕೊಂಡಿತು. ಮೂವತ್ತು ವರ್ಷದ ಅಭ್ಯಾಸ. ಯಾರಾದರೂ ಪುಕ್ಕಟೆ ಕೊಡುತ್ತೇನೆ ಅಂದರೆ ಇನ್ನೊಂದು ಕಡೆಯಿಂದ ಏನು ಹೋಗುತ್ತಿದೆ ಅಂತ ನೋಡಬೇಕು.

ಮೇಡಂ ಸಾಫ್ಟ್‌ವೇರ್ ಇಳಿಸಿ ಓಡಿಸಿದರು. ಕರಿ ಪರದೆಯ ಮೇಲೆ ಬಿಳಿ ಇಂಗ್ಲಿಷ್ ಅಕ್ಷರ ಧಾರಾಕಾರವಾಗಿ ಬಂದವು.

"ಏನು ಬರೆದಿದೆ ಮೇಡಂ?"

"ಇದಕ್ಕೆ ಯಾವ ವಾರಂಟಿನೂ ಇಲ್ಲ ಅಂತ."

"ಮೊದಲ ಪರದೇಲೇ?"

"ಮೊದಲ ಪರದೇಲೇ."

ನನ್ನ ಅನುಮಾನ ಅರ್ಧ ಇಳಿಯಿತು. ನನ್ನ ತಲೆಯ ಹಿಂದಿನ ಗೋಡೆಯಲ್ಲಿ 'ಒಮ್ಮೆ ಮಾರಿದ ಸರಕನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ' ಅಂತ ಕೆಂಪು ಬಣ್ಣದಲ್ಲಿ ಬರೆಸಿದ್ದೇನೆ. ಅದನ್ನು ತೋರಿಸಿ, "ನಮ್ಮ ಪದ್ಧತಿಯವರೇ," ಅಂದೆ.

ಮೇಡಂ ತಲೆ ಎತ್ತಲಿಲ್ಲ. "ಇಲ್ಲ ಅಂಕಲ್. ಅವರು ದುಡ್ಡು ಇಸ್ಕೊಂಡಿಲ್ಲ."

ಊಟ ಹೋಗುತ್ತದೆ, ಮಾತು ಬರುವುದಿಲ್ಲ

ಲ್ಯಾಪ್‌ಟಾಪಿಗೂ ಬೋರ್ಡಿಗೂ ನಡುವೆ ಹೆಬ್ಬೆರಳಿನಷ್ಟು ದೊಡ್ಡ ಒಂದು ಸಾಮಾನು ಬೇಕು. ಅದು ದುಭಾಷಿ ಇದ್ದ ಹಾಗೆ, ಇವರ ಮಾತು ಅವರಿಗೆ, ಅವರ ಮಾತು ಇವರಿಗೆ. ಅದನ್ನು ಮೇಡಂ ತಂದಿದ್ದರು. ಅದಕ್ಕೆ ಹಾಕುವ ಕೇಬಲ್ ಮರೆತಿದ್ದರು.

"ಕೇಬಲ್ಲಾ, ಕೊಕ್ಕೆಯಲ್ಲಿ ನೇತಾಡ್ತಿದೆ ನೋಡಿ," ಅಂತ ನಾನೇ ಒಂದು ತೆಗೆದುಕೊಟ್ಟೆ.

ಸಾಮಾನಿನ ಕೆಂಪು ದೀಪ ಹತ್ತಿತು. ಆದರೆ ಲ್ಯಾಪ್‌ಟಾಪು ನನಗೇನೂ ಕಾಣುತ್ತಿಲ್ಲ ಅಂತ ಹಟ ಹಿಡಿಯಿತು. ಮೇಡಂ ಸಾಫ್ಟ್‌ವೇರನ್ನು ತೆಗೆದು ಮತ್ತೆ ಹಾಕಿದರು. ಬೇರೆ ತೂತಿಗೆ ಚುಚ್ಚಿದರು. ಲ್ಯಾಪ್‌ಟಾಪನ್ನೇ ಆರಿಸಿ ಹತ್ತಿಸಿದರು. ಮಧ್ಯಾಹ್ನದ ಊಟಕ್ಕೆ ನನ್ನ ಹೆಂಡತಿ ಕ್ಯಾರಿಯರ್ ತಂದಾಗಲೂ ಇದೇ ನಡೆಯುತ್ತಿತ್ತು.

ಕಡೆಗೆ ಮೇಡಂ ಕೇಬಲನ್ನು ಕೈಯಲ್ಲಿ ಹಿಡಿದು ಅದರ ಮುಖವನ್ನೇ ನೋಡಿದರು. "ಅಂಕಲ್, ಇದು ಬರೀ ಚಾರ್ಜಿಂಗ್ ಕೇಬಲ್. ಕರೆಂಟ್ ಹೋಗೋ ತಂತಿ ಇದೆ. ಮಾತು ಹೋಗೋ ತಂತಿನೇ ಒಳಗೆ ಹಾಕಿಲ್ಲ."

"ಅಂದ್ರೆ?" ಅಂತ ನನ್ನ ಹೆಂಡತಿ ಕೇಳಿದಳು.

"ಊಟ ಹೋಗುತ್ತೆ ಆಂಟಿ. ಮಾತು ಬರಲ್ಲ."

ಅವಳು ಕ್ಯಾರಿಯರ್ ಬಿಚ್ಚಿ ನನ್ನ ಮುಂದಿಟ್ಟಳು. "ಹೌದಾ. ನಾನು ನಮ್ಮನೇಲಿ ಮಾತ್ರ ಹಂಗೆ ಅಂದ್ಕೊಂಡಿದ್ದೆ."

ಲೋಕಲ್ ಹೋಸ್ಟ್

ಸರಿಯಾದ ಕೇಬಲ್ ಬಂತು. ಆಮೇಲೆ ಕಂಪ್ಯೂಟರ್ ನಿಮಗೆ ಅನುಮತಿ ಇಲ್ಲ ಅಂದಿತು. ಮೇಡಂ ಒಂದು ನಿಯಮ ಬರೆದು ಅನುಮತಿ ಮಾಡಿಕೊಟ್ಟರು. ಅನುಮತಿ ಸಿಕ್ಕ ಮೇಲೂ ಕೇಬಲನ್ನು ಒಮ್ಮೆ ಕಿತ್ತು ಮತ್ತೆ ಚುಚ್ಚಿದರೆ ಮಾತ್ರ ಅದು ಒಪ್ಪುವುದಂತೆ. ಅರ್ಜಿ ಪಾಸಾದ ಮೇಲೂ ಹೊರಗೆ ಹೋಗಿ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಾ ಅಂದ ಹಾಗೆ. ಯಾರು ಬರೆದ ಸಾಫ್ಟ್‌ವೇರೋ, ನಮ್ಮ ದೇಶದಲ್ಲಿ ಒಮ್ಮೆಯಾದರೂ ಕಚೇರಿ ಸುತ್ತಿದವರೇ ಇರಬೇಕು.

ಈ ಹೊತ್ತಿಗೆ ಗೌಡರು ರೈಟರನ್ನು ಅಂಗಡಿಗೆ ಕಳಿಸಿದ್ದರು, ಕೆಲಸ ಎಲ್ಲಿಗೆ ಬಂತು ನೋಡಿಕೊಂಡು ಬಾ ಅಂತ. ರೈಟರ್ ಮೇಡಮ್ಮಿನ ಹಿಂದೆ ಕೈಕಟ್ಟಿ ನಿಂತಿದ್ದ. ಆ ಸಾಫ್ಟ್‌ವೇರಿನಲ್ಲಿ ಎರಡು ಭಾಗ. ಒಂದನ್ನು ಓಡಿಸಿಟ್ಟು ಇನ್ನೊಂದರಿಂದ ಅದಕ್ಕೆ ಕರೆ ಮಾಡಬೇಕು. ಮೇಡಂ ಮೊದಲನೆಯದನ್ನು ಓಡಿಸಲು ಮರೆತು ಎರಡನೆಯದನ್ನು ಒತ್ತಿದರು. ಪರದೆಯಲ್ಲಿ ಬಂದದ್ದನ್ನು ಬೇಸರದಿಂದ ಜೋರಾಗಿ ಓದಿದರು.

"ಲೋಕಲ್ ಹೋಸ್ಟ್, ಕನೆಕ್ಷನ್ ರೆಫ್ಯೂಸ್ಡ್."

ರೈಟರ್ ಅಷ್ಟು ಕೇಳಿಕೊಂಡು ಸಂಜೆ ಬಸ್ಸಿಗೆ ಹೋದ.

ಮಾರನೇ ಬೆಳಿಗ್ಗೆ ಗೌಡರ ಫೋನು. ಅವರ ಮನೆಯಲ್ಲಿ ಸಿಗ್ನಲ್ ಇಲ್ಲ. ಫೋನ್ ಮಾಡಬೇಕಾದರೆ ಜೀಪಿನಲ್ಲಿ ಘಾಟಿ ತಿರುವಿಗೆ ಬಂದು ನಿಲ್ಲಬೇಕು. ಹಾಗೆ ಬಂದು ನಿಂತು ಮಾಡಿದ್ದರು.

"ಏನ್ ಮಾರಾಯ, ನಾನು ಯಾರ್ನ ರೆಫ್ಯೂಸ್ ಮಾಡ್ದೆ?"

"ಏನು ವಿಷಯ ಗೌಡ್ರೇ?"

"ಲೋಕಲ್ ಹೋಸ್ಟು ರೆಫ್ಯೂಸ್ ಮಾಡ್ತಾವ್ನೆ ಅಂತ ಆ ಮೇಡಂ ಅಂದ್ರಂತೆ. ಹೋಂಸ್ಟೇ ಇಟ್ಕಂಡು ಇಷ್ಟು ವರ್ಷ ಆಯ್ತು. ಮಳೇಲಿ ನೆನ್ಕಂಡು ಬಂದ ಬೈಕ್ ಹುಡುಗ್ರಿಗೂ ಇಲ್ಲ ಅಂದಿಲ್ಲ ಕಣೋ. ಯಾರೋ ಕಂಪ್ಯೂಟರ್‌ನಾಗೆ ಬರೆದವ್ರೆ ಅಂದ್ರೆ ಮಾನ ಏನಾಯ್ತದೆ?"

ಲೋಕಲ್ ಹೋಸ್ಟ್ ಅಂದರೆ ಕಂಪ್ಯೂಟರು ತನಗೆ ತಾನೇ ಇಟ್ಟುಕೊಂಡಿರುವ ಹೆಸರು, ನಿಮ್ಮ ಹೋಂಸ್ಟೇಗೂ ಅದಕ್ಕೂ ಸಂಬಂಧವಿಲ್ಲ ಅಂತ ಬಿಡಿಸಿ ಹೇಳಿದೆ.

"ಸರಿ. ಆದ್ರೂ ಮೇಡಂಗೆ ಹೇಳ್ಬುಡು. ವನಗೂರಿಗೆ ಬಂದ್ರೆ ರೂಮ್ ಐತೆ, ಊಟ ಐತೆ. ಆ ರೆಫ್ಯೂಸ್ ಅನ್ನೋದನ್ನ ಅಳಿಸಿಬುಡ್ಲಿ."

ನಾಯಿ ಆಫ್

ಅಂಗಡಿಯಲ್ಲಿ ಎಲ್ಲ ಜೋಡಣೆಯಾಯಿತು. ಬೋರ್ಡಿನೊಳಗೆ ಏನು ನಡೆಯುತ್ತಿದೆ ಅನ್ನುವುದು ಲ್ಯಾಪ್‌ಟಾಪಿನಲ್ಲಿ ಸಾಲುಸಾಲಾಗಿ ಕಾಣತೊಡಗಿತು. ಮೇಡಂ ಅರ್ಧ ದಿನ ನೋಡಿದರು. ಬೋರ್ಡು ಒಂದು ಸಲವೂ ತಪ್ಪು ಮಾಡಲಿಲ್ಲ. ಡಾಕ್ಟರ ಮುಂದೆ ಕೂತ ಕೂಡಲೇ ಕೆಮ್ಮು ನಿಂತ ರೋಗಿಯ ಹಾಗೆ ಕೂತಿತ್ತು.

"ಅಂಕಲ್, ಇದು ಅಲ್ಲಿಗೆ ಹೋದ್ರೇ ಕೆಡೋದು. ಅಲ್ಲೇ ಹೋಗಿ ಹಿಡೀಬೇಕು."

ಅಷ್ಟರಲ್ಲಿ ರೈಟರ್ ಗೌಡರ ಕಡೆಯ ಸಂದೇಶ ತಂದ. ಮೊಗ್ಗು ಬಲಿತು ನಿಂತಿದೆ. ಈ ವಾರ ನೀರು ಬೀಳದಿದ್ದರೆ ಪೆಟ್ಟಿಗೆ ನಿನಗೆ, ಮಾತು ಊರಿಗೆ. ಊರಿಗೆ ಅಂದರೆ ಹೊಂಗಡಹಳ್ಳಕ್ಕೆ ಅಂತ ನನಗೆ ಅರ್ಥವಾಯಿತು. ಗೋಡೌನಿನ ರಾಶಿ ಕಣ್ಣ ಮುಂದೆ ಬಂತು.

"ನಾಳೇನೇ ಹೋಗೋಣ," ಅಂದೆ.

"ಹೋಗೋಣ. ಆದ್ರೆ ಅಲ್ಲಿ ಮೊದ್ಲು ವಾಚ್‌ಡಾಗ್ ಆಫ್ ಮಾಡ್ಬೇಕು," ಅಂದರು ಮೇಡಂ, ತಮ್ಮಷ್ಟಕ್ಕೆ ತಾವೇ ಅನ್ನುವ ಹಾಗೆ. "ಇಲ್ಲಾಂದ್ರೆ ಅದು ನಮ್ಮನ್ನ ನೆಮ್ಮದಿಯಾಗಿ ಕೆಲಸ ಮಾಡೋಕೆ ಬಿಡಲ್ಲ."

"ಅದು ನನ್ನ ಜವಾಬ್ದಾರಿ ಮೇಡಂ," ಅಂದ ರೈಟರ್. ನಾನೂ ಒಳ್ಳೆಯದಾಯಿತು ಅಂದುಕೊಂಡೆ.

ಮಾರನೇ ದಿನ ಬಾಡಿಗೆ ಜೀಪಿನಲ್ಲಿ ವನಗೂರು ಏರಿದೆವು. ಗೌಡರ ಕಣದ ಹತ್ತಿರ ಇಳಿದರೆ ಎಸ್ಟೇಟಿನ ಮೂರೂ ನಾಯಿಗಳು ಸ್ಟೋರಿನ ಕಂಬಕ್ಕೆ ಬಿಗಿಯಾಗಿ ಕಟ್ಟಿಸಿಕೊಂಡು, ನಾವೇನು ಮಾಡಿದೆವು ಅನ್ನುವ ಮುಖ ಮಾಡಿ ಮಲಗಿದ್ದವು. ಗೌಡರು ಮೆಟ್ಟಿಲ ಮೇಲೆ ನಿಂತಿದ್ದರು. ಅವರ ಹಿಂದೆ ಬಾಳೆಗೊನೆಯ ದಿಂಡು ಮಾತ್ರ ಉಳಿದಿತ್ತು, ಸಿಪ್ಪೆ ಅಂಗಳದ ತುಂಬಾ.

"ಮೇಡಂ, ನಾಯಿ ಕಟ್ಸಿ ಅಂದ್ರಂತೆ?"

ಮೇಡಮ್ಮಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಆಮೇಲೆ ಬಿಡಿಸಿ ಹೇಳಿದರು. ವಾಚ್‌ಡಾಗ್ ಅನ್ನುವುದು ಬೋರ್ಡಿನೊಳಗಿನ ಕಾವಲುಗಾರ. ಪ್ರೋಗ್ರಾಂ ಎಲ್ಲಾದರೂ ಸಿಕ್ಕಿಕೊಂಡು ಸುಮ್ಮನಾದರೆ ಅದನ್ನು ಕಚ್ಚಿ ಎಬ್ಬಿಸಿ ಮೊದಲಿನಿಂದ ಶುರು ಮಾಡಿಸುತ್ತದೆ. ಹಸಿರು ದೀಪ ಆರಿ ಆರಿ ಹತ್ತುವುದು ಅದಕ್ಕೇ. ಆಫ್ ಮಾಡಬೇಕಾದ್ದು ಅದನ್ನ.

ಗೌಡರು ರೈಟರ ಕಡೆ ತಿರುಗಿದರು. ದನಿ ಏರಿಸಲಿಲ್ಲ.

"ಕೇಳ್ದೇನೋ? ಅವ್ರು ಹೇಳಿದ್ದು ಒಂದು. ನೀನು ನಾಯಿ ಆಫ್ ಮಾಡಿ ಕೋತಿ ಆನ್ ಮಾಡ್ಬುಟ್ಟೆ."

ಹಾಲ್ಟ್

ಪಂಪ್‌ಹೌಸು ಹಳ್ಳದ ಪಕ್ಕ, ತೋಟದ ತಳದಲ್ಲಿ. ದಾರಿಯಲ್ಲಿ ಗಿಡಗಳ ಮೊಗ್ಗು ನೋಡಿದೆ. ಗೌಡರು ಹೇಳಿದ್ದು ಸುಳ್ಳಲ್ಲ, ಇನ್ನು ಕಾಯುವಂತಿರಲಿಲ್ಲ. ಗೌಡರು ಮುಂದೆ, ಮೇಡಂ ಲ್ಯಾಪ್‌ಟಾಪ್ ಹಿಡಿದು ಹಿಂದೆ, ನಾನು ಪೆಟ್ಟಿಗೆ ಹೊತ್ತು ಅದರ ಹಿಂದೆ. ರೈಟರ್ ಯಾರ ಕಣ್ಣಿಗೂ ಬೀಳದಷ್ಟು ದೂರದಲ್ಲಿ.

ಕರೆಂಟು ಬರುವವರೆಗೆ ಕಾದೆವು. ಮಧ್ಯಾಹ್ನದ ಹೊತ್ತಿಗೆ ಬಂತು. ಪೆಟ್ಟಿಗೆ ಹಾಕಿದ ಕೂಡಲೇ ಹಸಿರು ದೀಪ ಹತ್ತಿತು, ಆರಿತು, ಹತ್ತಿತು. ಪಂಪು ಮಲಗಿಯೇ ಇತ್ತು. ಕೆಟ್ಟ ಸಾಮಾನು ಕೆಟ್ಟದ್ದನ್ನು ನೋಡಿ ನನಗೆ ಅಷ್ಟು ಸಮಾಧಾನವಾದದ್ದು ಅದೇ ಮೊದಲು.

ಮೇಡಂ ನಾಲ್ಕು ತಂತಿ ಸಿಕ್ಕಿಸಿದರು. ವಾಚ್‌ಡಾಗ್ ಆಫ್ ಮಾಡಿದರು. ಏನೋ ಒತ್ತಿದರು. ಪ್ರೋಗ್ರಾಮನ್ನು ಅದು ಇದ್ದ ಜಾಗದಲ್ಲೇ ನಿಲ್ಲಿಸಿ ಹಿಡಿದರೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ಕಾಣುತ್ತದೆ, ಇಷ್ಟು ದಿನದ ಒದ್ದಾಟವೆಲ್ಲ ಅದಕ್ಕೇ. ಪರದೆಯ ಮೇಲೆ ಆ ಸಾಲು ಬಂದಾಗ ಅವರ ಮುಖ ಅರಳಿತು.

"ಹಾಲ್ಟ್ ಆಯ್ತು ಅಂಕಲ್. ಹಾಲ್ಟ್ ಆಯ್ತು."

ಗೌಡರು ಪಂಪನ್ನು ನೋಡಿದರು, ಮೇಡಮ್ಮನ್ನು ನೋಡಿದರು, ಕಡೆಗೆ ನನ್ನನ್ನು ನೋಡಿದರು.

"ಹಾಲ್ಟ್ ಆಗ್ಬುಟ್ಟೈತೆ ಅಂತ ನಾನೇ ಹದಿನೈದು ದಿನದಿಂದ ಬಡ್ಕತಾ ಇದೀನಲ್ಲ ಮಾರಾಯ. ಅದನ್ನ ಹೇಳಾಕೆ ಆಲೂರಿಂದ ಬರಬೇಕಿತ್ತಾ?"

ರೈಟರ್ ಆ ಮಾತು ಕೇಳಿದವನೇ ಸರಸರ ಮೇಲೆ ಹತ್ತಿ ಹೋದ. ಯಾಕೆ ಅಂತ ಆಗ ಯಾರೂ ಕೇಳಲಿಲ್ಲ.

ಮೇಡಂ ಪರದೆಯ ಒಂದು ಸಾಲಿಗೆ ಬೆರಳಿಟ್ಟು ಕೇಳಿದರು. "ಗೌಡ್ರೇ, ಇಲ್ಲಿ ಮೊಬೈಲ್ ಸಿಗ್ನಲ್ ಇದೆಯಾ?"

"ಇಲ್ಲೆಲ್ಲಿ? ತಿರುವಿಗೆ ಹೋಗ್ಬೇಕು."

"ಅದೇ ನೋಡಿ. ಕರೆಂಟ್ ಬಂದ ಕೂಡಲೇ ಈ ಪೆಟ್ಟಿಗೆ ಮೊದ್ಲು ಮೊಬೈಲ್ ಟವರ್‌ನ ಕೂಗುತ್ತೆ, ಮೆಸೇಜ್ ಕಳಿಸೋಕೆ. ಟವರ್ ಓ ಅಂದ ಮೇಲೇ ಪಂಪ್ ಎಬ್ಬಿಸೋದು. ಟವರ್ ಉತ್ತರ ಕೊಡದಿದ್ರೆ ಏನು ಮಾಡ್ಬೇಕು ಅಂತ ಬರೆದೋರು ಹೇಳೇ ಇಲ್ಲ. ಅದಕ್ಕೇ ಇದು ಕೂಗ್ತಾನೇ ನಿಂತಿದೆ. ಸಕಲೇಶಪುರದಲ್ಲಿ ಟವರ್ ಇದೆ, ಅಲ್ಲಿ ಓಡುತ್ತೆ."

ಗೌಡರು ನನ್ನ ಕಡೆ ನಿಧಾನವಾಗಿ ತಿರುಗಿದರು. "ಮೆಸೇಜ್ ಬತ್ತದೆ ಅಂತ ಹೇಳಿ ಮಾರ್ದೋನು ನೀನೇ ಅಲ್ವ?"

ನಾನು ಹಳ್ಳದ ನೀರು ಚೆನ್ನಾಗಿದೆ ಅಂದೆ.

"ಈಗ ಏನ್ ಮಾಡ್ತೀರಿ ಮೇಡಂ?"

"ಒಂದೇ ಒಂದು ಮಾತು ಸೇರಿಸ್ತೀನಿ. ಸ್ವಲ್ಪ ಹೊತ್ತು ಕಾಯಿ. ಟವರ್ ಉತ್ತರ ಕೊಡ್ಲಿಲ್ಲ ಅಂದ್ರೆ ನಿನ್ನ ಪಾಡಿಗೆ ನೀನು ಕೆಲಸ ಶುರು ಮಾಡು. ಅಷ್ಟೇ."

ಗೌಡರು ಅದನ್ನು ಮನಸ್ಸಿನಲ್ಲೇ ಒಮ್ಮೆ ತೂಗಿ ನೋಡಿದರು. "ಒಳ್ಳೆ ಮಾತು," ಅಂದರು.

ಮೇಡಂ ಬರೆದರು, ತಿದ್ದಿದರು, ಬೋರ್ಡಿಗೆ ತುಂಬಿಸಿದರು. ತಂತಿ ಕಿತ್ತರು, ಕರೆಂಟ್ ಆರಿಸಿ ಹಾಕಿದರು. ಹಸಿರು ದೀಪ ಹತ್ತಿತು. ಈ ಸಲ ಆರಲಿಲ್ಲ. ಆಮೇಲೆ ಒಳಗೆಲ್ಲೋ ಟಕ್ ಅಂದಿತು, ಪಂಪು ಗುರ್ ಅಂತ ಎದ್ದಿತು. ಪೈಪುಗಳು ಮೈ ಮುರಿದವು. ಮೇಲಿನ ತೋಟದಲ್ಲಿ ಒಂದು ಸ್ಪ್ರಿಂಕ್ಲರ್ ಕೆಮ್ಮಿ, ಗಾಳಿ ಉಗುಳಿ, ಕಡೆಗೆ ನೀರು ಬೀಸತೊಡಗಿತು. ಅದರ ಹಿಂದೆ ಇನ್ನೊಂದು. ಗೌಡರು ಟೋಪಿ ತೆಗೆದು ಆ ನೀರಿನ ಕೆಳಗೆ ಹೋಗಿ ನಿಂತರು. ಹೊಂಗಡಹಳ್ಳದವರಿಗೆ ಇದನ್ನು ಯಾರಿಂದ ಹೇಳಿಸುವುದು ಅಂತ ನಾನು ಲೆಕ್ಕ ಹಾಕುತ್ತಾ ನಿಂತೆ.

ಮೇಲೆ ಹತ್ತಿ ಕಣಕ್ಕೆ ಬಂದರೆ ನಮ್ಮ ಜೀಪಿಲ್ಲ.

"ಜೀಪೆಲ್ಲೋ?" ಅಂತ ರೈಟರನ್ನು ಕೇಳಿದೆ.

"ಕಳ್ಸಿಬುಟ್ಟೆ ಸಾವ್ಕಾರ್ರೇ. ಬೆಳಿಗ್ಗೆ ಬತ್ತದೆ."

"ಯಾಕೆ?"

"ಮೇಡಮ್ಮೇ ಅಂದ್ರಲ್ಲ, ಅದೂ ಎರಡು ಸಲ, ಹಾಲ್ಟ್ ಅಂತ. ರಾತ್ರಿ ಊರಾಗೇ ಉಳಿಯೋ ಹಾಲ್ಟ್ ಬಸ್ಸು ಯಾವತ್ತಾದ್ರೂ ಅದೇ ದಿನ ವಾಪಸ್ ಹೋಗೈತಾ? ರೂಮ್ ಗುಡಿಸೀವ್ನಿ. ಕೋಳಿನೂ ಕೊಯ್ಸಿಬುಟ್ಟೆ."

ಗೌಡರ ಸ್ವಂತ ಜೀಪು ಕೊಯ್ಲಿನ ಆಳುಗಳನ್ನು ಬಿಡಲು ಹೋಗಿತ್ತು. ಮೇಡಂ ತಲೆಯ ಮೇಲೆ ಕೈ ಹೊತ್ತರು. "ಮನೇಲಿ ಸಂಜೆ ಬರ್ತೀನಿ ಅಂತ ಹೇಳಿದ್ದೆ."

"ಅದಕ್ಕೂ ಯೋಚ್ನೆ ಮಾಡ್ಬೇಡಿ," ಅಂದ ರೈಟರ್. "ಪ್ಯಾಟೆ ಮುಟ್ಟಿದ ಕೂಡ್ಲೆ ನಿಮ್ಮನೆಯೋರಿಗೆ ಫೋನ್ ಮಾಡು ಅಂತ ಡ್ರೈವರ್‌ಗೆ ಹೇಳೀವ್ನಿ. ನಂಬರ್ ಸಾವ್ಕಾರ್ರ ಅಂಗಡೀಲಿ ಇಸ್ಕಳ್ತಾನೆ."

"ಏನಂತ ಹೇಳು ಅಂದೆ?"

"ಮೇಡಂ ವನಗೂರು ಹಾಲ್ಟ್ ಅಂತ."

ಮೇಡಮ್ಮಿನ ಗಂಡ ಇರುವುದು ಸರ್ಕಾರಿ ಬಸ್ಸಿನ ಡಿಪೋದಲ್ಲಿ. "ಮುಗೀತು," ಅಂದರು ಮೇಡಂ. "ಅವರಿಗೆ ಹಾಲ್ಟ್ ಅಂದ್ರೆ ಸಾಕು. ಬಾಗಿಲು ಹಾಕ್ಕೊಂಡು ಮಲಗ್ತಾರೆ, ಬೆಳಿಗ್ಗೆವರೆಗೂ ಯಾಕೆ ಅಂತ ಕೇಳಲ್ಲ."

ಆದರೂ ಮನಸ್ಸು ತಡೆಯದೆ ಮೊಬೈಲ್ ಎತ್ತಿ ಹಿಡಿದು ಅಂಗಳದಲ್ಲಿ ಅತ್ತ ಇತ್ತ ಓಡಾಡಿದರು. ತುಳಸಿಕಟ್ಟೆಯ ಹತ್ತಿರ ನಿಂತು ನೋಡಿದರು. ಜಗಲಿ ಹತ್ತಿ ತುದಿಗಾಲಲ್ಲಿ ನಿಂತು ನೋಡಿದರು. ಬಿಟ್ಟ ನಾಯಿಗಳು ಮೂರೂ ಅವರ ಹಿಂದೆ. ಒಳಗೆ ಗೌಡರ ಹೆಂಡತಿ ಎಲೆ ಹಾಕಿ, ಕೋಳಿ ಸಾರಿನ ಪಾತ್ರೆ ತಂದಿಟ್ಟು, ಬಿಸಿ ಕಡುಬಿನ ಮುಚ್ಚಳ ತೆಗೆದಿದ್ದರು. ನಾನು ಆಗಲೇ ಕೂತಿದ್ದೆ.

ಗೌಡರು ಬಾಗಿಲಿಗೆ ಬಂದು ಮೇಡಮ್ಮನ್ನು ಸ್ವಲ್ಪ ಹೊತ್ತು ನೋಡಿದರು.

"ಮೇಡಂ, ನೀವೂ ಹಂಗೇ ಕೂಗ್ತಾ ನಿಂತ್ಕಂಡ್ರಾ? ಸ್ವಲ್ಪ ಹೊತ್ತು ಕಾಯಿರಿ. ಟವರ್ ಉತ್ತರ ಕೊಡ್ಲಿಲ್ಲ ಅಂದ್ರೆ ನಿಮ್ಮ ಪಾಡಿಗೆ ನೀವು ಕಡುಬು ಶುರು ಮಾಡಿ."